ಬಂಡೂರು ಸೀಮೆಯ ಸುತ್ತಾಟಕ್ಕೆ ಹೆಗಲಿಗೊಂದು ಗಟ್ಟಿ ಚೀಲ

ಬಂಡೂರು ಅಂದ ಕೂಡಲೇ ನೆನಪಾಗುವುದು ಕುರಿ. ಮಂಡ್ಯ ಜಿಲ್ಲೆ, ಮಳವಳ್ಳಿ ತಾಲ್ಲೂಕಿನ ಈ ಊರಿನ ಹೆಸರನ್ನು ನಾಡಿನ ಮೂಲೆಮೂಲೆಗೂ ಹೊತ್ತುಕೊಂಡು ಹೋದದ್ದು ಅದೇ. ಬನ್ನೂರು ಕುರಿ, ಮಂಡ್ಯ ಕುರಿ ಅಂತಲೂ ಕರೆಯುತ್ತಾರೆ. ಗಿಡ್ಡ ಕಾಲು, ನೆಲಕ್ಕೆ ಹತ್ತಿರವಾದ ತುಂಬು ಮೈ, ಬಿಳಿ ಬಣ್ಣ. ಬಿಗಿಯಾಗಿ ಕಟ್ಟಿದ ಮೂಟೆಯೊಂದು ನಾಲ್ಕು ಕಾಲಿನ ಮೇಲೆ ನಡೆದು ಬಂದಂತೆ! ಆದರೆ ಸೋದರಿಯರೇ, ಇಂದು ಹೇಳಹೊರಟದ್ದು ಕುರಿಯ ಮಾತಲ್ಲ, ಸಾರಿನ ಮಾತೂ ಅಲ್ಲ. ಈ ಸೀಮೆಯನ್ನು ಒಂದೊಂದೇ ದಿನ ಹೋಗಿ ನೋಡಿಬರಲು ನಿಮ್ಮ ಹೆಗಲಿಗೆ ಎಂಥ ಚೀಲ ಬೇಕು ಎಂಬ ಮಾತು.

ಚೀಲದಲ್ಲೇನಿದೆ ಮಹಾ, ಅಂತೀರಾ? ಸ್ವಲ್ಪ ಯೋಚಿಸಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ಗುರುತಿನ ಚೀಟಿ ತೋರಿಸಿದರೆ ಆಯಿತು. ಯಜಮಾನರಿಗೆ ರಜೆ ಸಿಗಲಿ ಅಂತ ವರ್ಷಗಟ್ಟಲೆ ಕಾಯುತ್ತಿದ್ದವರು ಈಗ ಅಕ್ಕಪಕ್ಕದವರನ್ನು, ನಾದಿನಿ ವಾರಗಿತ್ತಿಯರನ್ನು ಕೂಡಿಕೊಂಡು ತಾವೇ ಹೊರಡುತ್ತಿದ್ದಾರೆ. ಸಂತೋಷದ ವಿಷಯ. ಆದರೆ ಹೊರಟವರ ಕೈ ನೋಡಿ. ಒಂದರಲ್ಲಿ ವಯರ್ ಬುಟ್ಟಿ, ಇನ್ನೊಂದರಲ್ಲಿ ಬಟ್ಟೆ ಅಂಗಡಿಯವರು ಕೊಟ್ಟ ಚೀಲ, ಕಂಕುಳಲ್ಲಿ ವ್ಯಾನಿಟಿ ಬ್ಯಾಗು. ಬಸ್ಸಿನ ಕಂಬಿ ಹಿಡಿಯಲು ಕೈ ಎಲ್ಲಿದೆ? ಮಗು ಜಾರಿದರೆ ಹಿಡಿಯುವುದು ಹೇಗೆ? ಎರಡೂ ಕೈ ಬಿಡುವಾಗಿರಬೇಕು. ಚೀಲದ ವಿಷಯದಲ್ಲಿ ಮೊದಲನೆಯ ಮಾತೂ ಕೊನೆಯ ಮಾತೂ ಇದೇ.

ಈಗ ಈ ಸೀಮೆಯನ್ನು ಒಂದು ಸುತ್ತು ಹಾಕೋಣ. ಒಂದೊಂದು ಜಾಗವೂ ಚೀಲಕ್ಕೆ ಒಂದೊಂದು ಪರೀಕ್ಷೆ ಒಡ್ಡುತ್ತದೆ.

ಮೊದಲು ಶಿವನಸಮುದ್ರ. ಕಾವೇರಿ ಇಲ್ಲಿ ಕವಲಾಗಿ ಗಗನಚುಕ್ಕಿ, ಭರಚುಕ್ಕಿ ಎಂದು ಎರಡು ಕಡೆ ಧುಮುಕುತ್ತಾಳೆ. ಗಗನಚುಕ್ಕಿ ನೋಡುವ ಜಾಗ ಮಳವಳ್ಳಿ ತಾಲ್ಲೂಕಿನದು. ಭರಚುಕ್ಕಿ ಆಚೆಯ ಚಾಮರಾಜನಗರ ಜಿಲ್ಲೆಗೆ ಸೇರಿದ್ದು. 1902ರಲ್ಲಿ ಇಲ್ಲಿನ ನೀರಿನಿಂದಲೇ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳುಹಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗೂ ಆ ಬೆಳಕು ಬಂತು. ಮಳೆಗಾಲ ಹಿಡಿದ ಮೇಲೆ ಹೋದರೆ ಕಣ್ಣಿಗೆ ಹಬ್ಬ, ಆದರೆ ಗಾಳಿ ಬೀಸಿದರೆ ತುಂತುರು ಮೈಮೇಲೆಯೇ ಬರುತ್ತದೆ. ಚೀಲ ಹೊರಗೆ ಒದ್ದೆಯಾದರೂ ಒಳಗಿನ ಫೋನು, ದುಡ್ಡು, ಔಷಧಿ ಒಣಗಿರಬೇಕು. ಒದ್ದೆ ಮೆಟ್ಟಿಲಿಳಿಯುವಾಗ ಚೀಲ ಅತ್ತಿತ್ತ ಓಲಾಡಿದರೆ ಅದರ ಜೊತೆ ನೀವೂ ಓಲಾಡುತ್ತೀರಿ.

ಎರಡನೆಯದು ತಲಕಾಡು. ಇಲ್ಲಿ ಮರಳೇ ಮರಳು. ವೈದ್ಯೇಶ್ವರನ ಗುಡಿಯಿಂದ ಪಾತಾಳೇಶ್ವರ, ಮರಳೇಶ್ವರನ ಕಡೆಗೆ ನಡೆಯುವಾಗ ಕಾಲು ಹೂತು ಹೂತು ಏಳುತ್ತದೆ. ಚೀಲವನ್ನು ಒಂದು ಸಲ ನೆಲಕ್ಕಿಟ್ಟರೆ ಸಾಕು, ನುಣುಪು ಮರಳು ಜಿಪ್ಪಿನ ಹಲ್ಲಿಗೆ ಸೇರುತ್ತದೆ. ತೆಳು ಜಿಪ್ಪು ಆ ದಿನವೇ ಬಾಯಿ ಬಿಡುತ್ತದೆ.

ಮೂರನೆಯದು ಮುತ್ತತ್ತಿ. ಹಲಗೂರಿನ ಮೇಲೆ ಕಾಡಿನ ದಾರಿ ಹಿಡಿದು ಹೋದರೆ ಹೊಳೆಯ ದಡದಲ್ಲಿ ಮುತ್ತೆತ್ತರಾಯ, ಅಂದರೆ ಆಂಜನೇಯ. ಸೀತಮ್ಮನವರು ಸ್ನಾನ ಮಾಡುವಾಗ ಹೊಳೆಗೆ ಬಿದ್ದ ಮುತ್ತನ್ನು ಎತ್ತಿಕೊಟ್ಟದ್ದರಿಂದ ಆ ಹೆಸರು ಬಂತು ಅಂತ ಕತೆ. ಇಲ್ಲಿ ಕೋತಿಗಳಿವೆ. ತೆರೆದ ಬುಟ್ಟಿ ಕಂಡರೆ ಬಿಡುವುದಿಲ್ಲ, ಪ್ಲಾಸ್ಟಿಕ್ ಕವರಿನ ಸದ್ದು ಕೇಳಿದರೆ ಓಡಿ ಬರುತ್ತವೆ. ಹೊಳೆಯಲ್ಲಿ ಸುಳಿಗಳಿವೆ, ದಯವಿಟ್ಟು ಆಳಕ್ಕೆ ಇಳಿಯಬೇಡಿ, ಮಕ್ಕಳನ್ನೂ ಬಿಡಬೇಡಿ. ಚೀಲವೇ ಹೊಳೆಗೆ ಬಿದ್ದು ತೇಲಿ ಹೋದರೆ ಹೋಗಲಿ, ಅದರ ಹಿಂದೆ ಯಾರೂ ಇಳಿಯಕೂಡದು.

ನೋಡಿ, ತಲಕಾಡಿನ ಅಲಮೇಲಮ್ಮನ ಕತೆಯಲ್ಲೂ ಒಡವೆ, ಮುತ್ತತ್ತಿಯ ಕತೆಯಲ್ಲೂ ಒಡವೆ, ಎರಡರಲ್ಲೂ ಕಾವೇರಿ. ಅದಕ್ಕೇ ಹೇಳುತ್ತೇನೆ, ಹೀಗೆ ಸುತ್ತಾಡಲು ಹೊರಡುವ ದಿನ ಒಡವೆಯನ್ನು ಬೀರುವಿನಲ್ಲೇ ಬಿಟ್ಟು ಬನ್ನಿ. ಎಷ್ಟೇ ಗಟ್ಟಿ ಚೀಲವಾದರೂ ಅದು ತಿಜೋರಿಯಲ್ಲ.

ಇನ್ನು ಕಾಲಿಗೆ ಕಸುವಿದ್ದವರಿಗೆ ಪಾಂಡವಪುರದ ಕುಂತಿಬೆಟ್ಟವಿದೆ. ಅಲ್ಲಿ ಬಂಡೆಗೆ ಕೈಯೂರಿ ಹತ್ತಬೇಕು. ಕೈಯಲ್ಲಿ ಚೀಲ ಹಿಡಿದವರಿಗೆ ಆ ಬೆಟ್ಟ ದಕ್ಕುವುದಿಲ್ಲ.

ಹಾಗಾದರೆ ಎಂಥ ಚೀಲ? ಬಂಡೂರು ಕುರಿಯನ್ನೇ ಕಣ್ಣ ಮುಂದೆ ಇಟ್ಟುಕೊಳ್ಳಿ! ಉದ್ದುದ್ದ ಜೋತಾಡಬಾರದು, ಗಿಡ್ಡಗಿರಬೇಕು, ಅಗಲವಾಗಿರಬೇಕು, ಮೈಗೆ ಒತ್ತಿಕೊಂಡಿರಬೇಕು. 14 ಅಂಗುಲ ಅಗಲ, 12 ಅಂಗುಲ ಎತ್ತರ, 5 ಅಂಗುಲ ದಪ್ಪ ಇದ್ದರೆ ಹೆಚ್ಚೂಕಡಿಮೆ 14 ಲೀಟರಿನಷ್ಟು ಜಾಗ. ಒಬ್ಬರ ಒಂದು ದಿನಕ್ಕೆ ಧಾರಾಳ. ಅದಕ್ಕಿಂತ ದೊಡ್ಡದು ಕೊಂಡರೆ ಜಾಗ ಖಾಲಿಯಿದೆಯಲ್ಲಾ ಅಂತ ಮನೆಮಂದಿಯ ಸಾಮಾನೆಲ್ಲ ಅದರೊಳಗೇ ಬಂದು ಬೀಳುತ್ತದೆ.

ಬಟ್ಟೆಯ ವಿಷಯ. ದಪ್ಪ ಹತ್ತಿಯ ಕ್ಯಾನ್ವಾಸ್ ಒಳ್ಳೆಯದು. ಒತ್ತಾಗಿ ನೇಯ್ದ ಕ್ಯಾನ್ವಾಸಿನ ನೂಲು ನೀರು ಬಿದ್ದಾಗ ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ, ಸಣ್ಣ ಮಳೆಗೆ ಬೇಗ ಸೋರುವುದಿಲ್ಲ. ಆದರೆ ತೂಕ ಜಾಸ್ತಿ, ಒಣಗುವುದೂ ನಿಧಾನ. ನೈಲಾನ್ ಹಗುರ, ಬೇಗ ಒಣಗುತ್ತದೆ. ಅದರ ಚೀಟಿಯ ಮೇಲೆ 500 ಡೆನಿಯರ್, 1000 ಡೆನಿಯರ್ ಅಂತ ಬರೆದಿರುತ್ತದೆ. 9000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬುದೇ ಡೆನಿಯರ್. ಸಂಖ್ಯೆ ಹೆಚ್ಚಿದಷ್ಟೂ ನೂಲು ದಪ್ಪ. ನಮ್ಮ ಕೆಲಸಕ್ಕೆ 500 ಸಾಕು. ರೆಕ್ಸಿನ್ ಅಂಗಡಿಯಲ್ಲಿ ಥಳಥಳ ಹೊಳೆಯುತ್ತದೆ, ಆದರೆ ಬಿಸಿಲು ತಿಂದು ಮಡಿಕೆಯಲ್ಲಿ ಬಿರಿಯುತ್ತದೆ. ಚರ್ಮದ ಚೀಲ ಬಾಳಿಕೆ ಬರುತ್ತದೆ, ಆದರೆ ಭಾರ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಪಟ್ಟಿ ಎರಡು ಅಂಗುಲ ಅಗಲವಿರಲಿ, ಒಂದೂವರೆಗಿಂತ ಕಡಿಮೆ ಬೇಡ. ಸಣ್ಣ ಪಟ್ಟಿ ಹೆಗಲನ್ನು ಕೊಯ್ಯುತ್ತದೆ. ಎದೆಯ ಮೇಲೆ ಅಡ್ಡಲಾಗಿ ಹಾಕಿಕೊಳ್ಳುವಷ್ಟು ಉದ್ದವಿರಬೇಕು, ಬಕಲ್ ಎಳೆದು ಗಿಡ್ಡ ಮಾಡುವಂತಿರಬೇಕು. ಚೀಲದ ತಳ ಸೊಂಟದ ಬಳಿ ನಿಂತರೆ ಸರಿ, ತೊಡೆಗೆ ಬಡಿದರೆ ತಪ್ಪು. ಪಟ್ಟಿ ಚೀಲಕ್ಕೆ ಸೇರುವ ಜಾಗವನ್ನು ತಿರುಗಿಸಿ ನೋಡಿ. ಬರೀ ಒಂದು ಗೆರೆ ಹೊಲಿಗೆ ಇದ್ದರೆ ವಾಪಸ್ಸು ಇಟ್ಟುಬಿಡಿ. ಚೌಕ ಹೊಲಿದು ನಡುವೆ ಮೂಲೆಯಿಂದ ಮೂಲೆಗೆ ಕತ್ತರಿಯಾಕಾರದಲ್ಲಿ ಹೊಲಿದಿದ್ದರೆ ಅದು ಭಾರ ತಡೆಯುತ್ತದೆ.

ಜಿಪ್ಪಿಗೂ ನಂಬರ್ ಇದೆ. 5, 8, 10 ಅಂತ ರನ್ನರಿನ ಹಿಂದೆ ಅಚ್ಚಾಗಿರುತ್ತದೆ. ಮುಚ್ಚಿದಾಗ ಹಲ್ಲಿನ ಅಗಲ ಸುಮಾರು ಅಷ್ಟು ಮಿಲಿಮೀಟರ್. ದೊಡ್ಡ ಬಾಯಿಗೆ 8 ಅಥವಾ 10 ಇರಲಿ. ಜಿಪ್ಪಿನ ಮೇಲೆ ಮುಚ್ಚಳದಂತೆ ಬಟ್ಟೆ ಬಿದ್ದಿದ್ದರೆ ಮಳೆ, ಮರಳು, ಕೋತಿ ಮೂರಕ್ಕೂ ತಡೆ. ಒಳಗೆ, ಬೆನ್ನಿಗೆ ತಾಗುವ ಕಡೆ, ಜಿಪ್ಪಿರುವ ಒಂದು ಜೇಬು ಬೇಕೇಬೇಕು. ದುಡ್ಡು, ಗುರುತಿನ ಚೀಟಿ ಅಲ್ಲಿ. ಬಸ್ಸಿನ ನೂಕುನುಗ್ಗಲಲ್ಲಿ ಚೀಲವನ್ನು ಮುಂದಕ್ಕೆ, ಹೊಟ್ಟೆಯ ಮೇಲೆ ತಂದುಕೊಳ್ಳಿ.

ಅಂಗಡಿಯಲ್ಲಿ ನಾಚಿಕೊಳ್ಳಬೇಡಿ. ಒಂದು ಲೀಟರಿನ ಎರಡು ನೀರಿನ ಬಾಟಲಿ ಜೊತೆಗೆ ಒಯ್ದು, ಚೀಲದೊಳಗಿಟ್ಟು ಅಲ್ಲೇ ಹತ್ತು ಹೆಜ್ಜೆ ನಡೆಯಿರಿ, ಬಗ್ಗಿ ಏಳಿ. ಬಗ್ಗಿದಾಗ ಚೀಲ ಮುಂದಕ್ಕೆ ಬಂದು ಮೊಣಕಾಲಿಗೆ ಬಡಿದರೆ ಮೆಟ್ಟಿಲಿನಲ್ಲಿ ಅದು ನಿಮ್ಮನ್ನು ಕೆಡವುತ್ತದೆ.

ಮನಸ್ಸಿಗೆ ಹಿಡಿಸುವ ಚೀಲ ಸಿಗಲಿಲ್ಲವೇ? ಹೊಲಿಸಿಬಿಡಿ. ಬ್ಲೌಸ್ ಹೊಲಿಯುವ ಮಿಷನ್ನು ಇದಕ್ಕೆ ಆಗದು, ಸೂಜಿ ಮುರಿಯುತ್ತದೆ. ಆಟೋ, ಬೈಕಿನ ಸೀಟು ಹೊಲಿಯುವ ಕುಷನ್ ಅಂಗಡಿ ನಿಮ್ಮ ಊರಲ್ಲೂ ಇರುತ್ತದೆ. ಅವರಲ್ಲಿ ದಪ್ಪ ಸೂಜಿ, ನೈಲಾನ್ ದಾರ ಎರಡೂ ಉಂಟು. ಒಂದು ಮೀಟರ್ ಕ್ಯಾನ್ವಾಸ್, ಎರಡು ಮೀಟರ್ ಬೆಲ್ಟ್ ಪಟ್ಟಿ, ಒಂದು ಬಕಲ್, ಒಂದು ಜಿಪ್ಪು ಕೊಟ್ಟರೆ ಸಾಕು. ತಳಕ್ಕೆ ಮಾತ್ರ ಎರಡು ಪದರ ಹಾಕಲು ಹೇಳಿ. ಮೊದಲು ಸವೆಯುವುದು ಅದೇ.

ಈಗ ಮುಖ್ಯವಾದ ಲೆಕ್ಕ. ಶಾಲೆಯ ಮಕ್ಕಳ ಚೀಲ ಅವರ ತೂಕದ ಹತ್ತರಲ್ಲಿ ಒಂದು ಭಾಗ ಮೀರಬಾರದು ಎಂದು ಕೇಂದ್ರ ಸರ್ಕಾರದ 2020ರ ಶಾಲಾ ಚೀಲದ ನೀತಿ ಹೇಳುತ್ತದೆ. ಮಕ್ಕಳಿಗೆ ಇಷ್ಟು ಯೋಚಿಸುವ ನಾವು ನಮ್ಮ ಹೆಗಲಿಗೆ ಯಾಕೆ ಯೋಚಿಸುವುದಿಲ್ಲ? ನಿಮ್ಮ ತೂಕ 55 ಕಿಲೋ ಎಂದರೆ ಹತ್ತರಲ್ಲಿ ಒಂದು ಐದೂವರೆ ಕಿಲೋ. ಅದೂ ಎರಡು ಹೆಗಲಿಗೆ ಹಂಚಿದಾಗ. ಒಂದೇ ಹೆಗಲಾದರೆ ನಾಲ್ಕು ಕಿಲೋಗೆ ನಿಲ್ಲಿಸಿ. ಒಂದು ಲೀಟರ್ ನೀರೆಂದರೆ ಒಂದು ಕಿಲೋ, ಬಾಟಲಿಯ ತೂಕ ಬೇರೆ. ಬುತ್ತಿಯ ಡಬ್ಬಿ ಇನ್ನೊಂದು ಕಿಲೋ. ಛತ್ರಿ, ಟವೆಲ್, ಫೋನು, ಪರ್ಸು, ಚೀಲದ ಸ್ವಂತ ತೂಕ ಸೇರಿದರೆ ಅಲ್ಲಿಗೆ ನಾಲ್ಕು ಆಗಿಹೋಯಿತು. ಇನ್ನು ಯಜಮಾನರ ಶರಟು, ಮಗನ ಚೆಂಡು, ಅತ್ತೆಯವರ ಶಾಲು ಎಲ್ಲಿಗೆ?

ಇಲ್ಲೇ ಇರುವುದು ಗುಟ್ಟು. “ನಿನ್ನ ಬ್ಯಾಗಲ್ಲಿ ಇಟ್ಕೊಳ್ಳವ್ವ, ಜಾಗ ಐತಲ್ಲ” ಅಂತ ಒಬ್ಬೊಬ್ಬರೇ ತಂದು ತುರುಕುತ್ತಾರೆ. ನಾವೂ ಇಲ್ಲ ಅನ್ನುವುದಿಲ್ಲ. ಕೊನೆಗೆ ಎಲ್ಲರೂ ಜಲಪಾತ ನೋಡಲು ಹೋದಾಗ ಅಮ್ಮ ಮಾತ್ರ ಮೇಲೆಯೇ ಕಲ್ಲುಬೆಂಚಿನ ಮೇಲೆ ಸಾಮಾನು ಕಾಯುತ್ತಾ ಕೂತಿರುತ್ತಾಳೆ. ಎಷ್ಟು ಸಂಸಾರಗಳಲ್ಲಿ ಹೀಗಾಗಿಲ್ಲ ಹೇಳಿ! ಹಿಂದಿನ ರಾತ್ರಿಯೇ ಹೇಳಿಬಿಡಿ: ಎಂಟು ವರ್ಷ ತುಂಬಿದವರೆಲ್ಲ ಅವರವರ ನೀರು, ಅವರವರ ಟವೆಲ್ಲು ಅವರೇ ಹೊರಬೇಕು. ಜಗಳ ಬೇಡ, ಪ್ರತಿಯೊಬ್ಬರ ಕೈಗೂ ಒಂದೊಂದು ಚೀಲ ಕೊಟ್ಟುಬಿಡಿ, ಸಾಕು.

ಬುತ್ತಿಗೆ ಎರಡು ಸಲಹೆ. ಮೊಸರನ್ನಕ್ಕೆ ಅನ್ನವನ್ನು ಮೆತ್ತಗೆ ಮಾಡಿ, ಆರಿದ ಮೇಲೆ ಹಾಲು ಕಲಸಿ, ಒಂದೇ ಚಮಚ ಮೊಸರು ಹಾಕಿ ಒಯ್ಯಿರಿ. ಮಧ್ಯಾಹ್ನದ ಹೊತ್ತಿಗೆ ಹದವಾಗಿರುತ್ತದೆ, ಹುಳಿಯಾಗಿರುವುದಿಲ್ಲ. ಮದ್ದೂರಿನ ಮೇಲೆ ಬರುವವರು ಅಲ್ಲಿನ ವಡೆಯನ್ನು ಕಾಗದದಲ್ಲಿ ಕಟ್ಟಿಸಿಕೊಳ್ಳಿ, ಸಂಜೆವರೆಗೂ ಕೆಡುವುದಿಲ್ಲ. ಡಬ್ಬಿ ತಳದಲ್ಲಿ ನೆಟ್ಟಗಿರಲಿ, ನೀರು ಬೆನ್ನಿನ ಪಕ್ಕಕ್ಕಿರಲಿ, ಫೋನು ಮತ್ತು ಔಷಧಿ ಒಂದು ಗಟ್ಟಿ ಕವರಿನೊಳಗೆ ಕಟ್ಟಿರಲಿ. ಮಡಚಿದ ಬಟ್ಟೆ ಚೀಲ ಒಂದು ಜೊತೆಗಿರಲಿ. ತಿಂದ ಕಸವನ್ನು ಅದರಲ್ಲೇ ವಾಪಸ್ಸು ತನ್ನಿ. ಮುತ್ತತ್ತಿಯ ಸುತ್ತ ಇರುವುದು ಕಾವೇರಿ ವನ್ಯಧಾಮ, ನಮ್ಮ ತಿಪ್ಪೆಯಲ್ಲ.

ಮನೆಗೆ ಬಂದ ಮೇಲೆ ಚೀಲವನ್ನು ಒಳಗು ಹೊರಗು ಮಾಡಿ ಕೊಡವಿ. ಜಿಪ್ಪಿನ ಹಲ್ಲನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಮೇಣದಬತ್ತಿ ಸವರಿ. ಕ್ಯಾನ್ವಾಸನ್ನು ತಣ್ಣೀರಿನಲ್ಲಿ ಒಗೆದು ನೆರಳಲ್ಲಿ ಒಣಗಿಸಿ. ರನ್ನರ್ ಸಡಿಲವಾದರೆ ಚೀಲ ಎಸೆಯಬೇಡಿ, ಚಪ್ಪಲಿ ರಿಪೇರಿಯವರು ಬೇರೆ ಹಾಕಿಕೊಡುತ್ತಾರೆ.

ವರ್ಷದಲ್ಲಿ ನಾಲ್ಕು ದಿನದ ಸುತ್ತಾಟಕ್ಕೆ ಇಷ್ಟೆಲ್ಲ ಯಾಕೆ ಅಂತೀರಾ? ಮಿಕ್ಕ ದಿನ ಇದೇ ಚೀಲ ಸಂತೆಗೆ, ಬ್ಯಾಂಕಿಗೆ, ಸಂಘದ ಸಭೆಗೆ, ಆಸ್ಪತ್ರೆಗೆ ಬರುತ್ತದೆ. 2016ರಲ್ಲೇ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧ ಬಂದಿದೆ. ಮನೆಯಿಂದ ಚೀಲ ಒಯ್ಯುವ ಹಿಂದಿನವರ ಅಭ್ಯಾಸಕ್ಕೆ ಮರಳಲು ಇದೂ ಒಂದು ನೆಪ. ಬಾಗಿಲ ಹಿಂದಿನ ಮೊಳೆಗೆ ಅದನ್ನು ಸದಾ ತಗುಲಿಹಾಕಿಡಿ: ಗುರುತಿನ ಚೀಟಿ, ಸ್ವಲ್ಪ ದುಡ್ಡು, ಒಂದು ಟವೆಲ್ ಅದರಲ್ಲೇ ಇರಲಿ. ಗಗನಚುಕ್ಕಿಯಲ್ಲಿ ನೀರು ಬಂದಿದೆ ಅಂತ ಯಾರಾದರೂ ಹೇಳಿದ ದಿನ ನೀರು, ಬುತ್ತಿ ತುಂಬಿಕೊಂಡು ಹೊರಟುಬಿಡಬಹುದು. ಈ ಸಲ ಸಾಮಾನು ಕಾಯಲು ಕೂರದೆ ನೀವೂ ಕಟಕಟೆಯವರೆಗೆ ಹೋಗಿ ನೋಡಿ.