ತಿರುವೊತ್ತಿಯೂರಿನ ಬಲೂನು

ಚೆನ್ನೈಗೆ ಬಂದು ಒಂಬತ್ತು ವರ್ಷವಾದರೂ ತಿರುವೊತ್ತಿಯೂರನ್ನು ನೋಡಿರಲಿಲ್ಲವೆಂದರೆ ವಾಚಕರು ನಗಬಹುದು. ಆಫೀಸು, ಮನೆ, ತಿಂಗಳಿಗೊಮ್ಮೆ ಸಂಘ. ಗುಮಾಸ್ತರ ಪ್ರಪಂಚ ಇಷ್ಟೇ. ಈ ಸಲ ಮಗಳ ಹೆಸರಿನಲ್ಲಿ ಹರಕೆಯೊಂದಿತ್ತು. ಭಾನುವಾರ ಬೆಳಿಗ್ಗೆ ಸೆಂಟ್ರಲಿನಲ್ಲಿ ಮೆಟ್ರೋ ಹತ್ತಿ ತೇರಡಿ ನಿಲ್ದಾಣದಲ್ಲಿ ಇಳಿದೆವು.

ಹರಿಹರನ ರಗಳೆಯಲ್ಲಿ ನಂಬಿಯಣ್ಣನೆನಿಸಿದ ಸುಂದರರು ಸಂಗಿಲಿಯಾರರ ಕೈಹಿಡಿದರೆಂಬ ಕ್ಷೇತ್ರವಿದು. ತ್ಯಾಗರಾಜಸ್ವಾಮಿಯನ್ನೂ ವಡಿವುಡೈ ಅಮ್ಮನನ್ನೂ ಕಂಡು, ಪ್ರಸಾದ ಪಡೆದು ಹೊರಬಂದೆವು. ಬೀದಿಯಲ್ಲಿ ಬಲೂನಿನವನು ಎದುರಾದ. ಮಗಳು ಒಮ್ಮೆ ನೋಡಿ, ತಾನಾಗಿಯೇ ಅಮ್ಮನ ಇನ್ನೊಂದು ಪಕ್ಕಕ್ಕೆ ಸರಿದಳು. ಏಳು ವರ್ಷದ ಮಗು ಬಲೂನು ಬೇಡವೆಂದದ್ದಕ್ಕೆ ಪಾಪ, ಅವನಿಗೇ ಆಶ್ಚರ್ಯ.

ಹೋದ ವರ್ಷ ಹುಟ್ಟುಹಬ್ಬದ ದಿನ ಬಲೂನು ಊದುತ್ತಿದ್ದಂತೆಯೇ ಅವಳ ತುಟಿ ದಪ್ಪಗಾಯಿತು, ಮೈಮೇಲೆ ಗಂಧೆಗಳೆದ್ದವು, ಉಸಿರು ಕಟ್ಟತೊಡಗಿತು. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಇಂಜೆಕ್ಷನ್ ಕೊಟ್ಟು, ಮಗು ಚೇತರಿಸಿದ ಮೇಲೆ ಡಾಕ್ಟರು ಕೇಳಿದರು: "ಬಾಳೆಹಣ್ಣು ತಿಂದರೆ ಬಾಯಿ ತುರಿಸುತ್ತದೆಯೆ?" ನಾವು ಬೆಪ್ಪಾದೆವು. ತುರಿಸುತ್ತದೆಂದು ಮಗು ಎಷ್ಟೋ ಸಲ ಹೇಳಿತ್ತು, ಹಟವೆಂದು ಗದರಿದ್ದೆವು.

ರಬ್ಬರ್ ಹಾಲಿನಲ್ಲಿರುವ ಕೆಲವು ಪ್ರೋಟೀನುಗಳು ಕೆಲವರ ಮೈಗೆ ಒಗ್ಗವು. ಅವನ್ನು ಹೋಲುವಂಥವು ಬಾಳೆಹಣ್ಣು, ಬೆಣ್ಣೆಹಣ್ಣುಗಳಲ್ಲಿಯೂ ಇವೆ. ಸುಳ್ಯದ ಅಜ್ಜನ ತೋಟದಲ್ಲಿ, ನಸುಕಿನಲ್ಲಿ ಗೀರಿದ ಮರದಿಂದ ಗೆರಟೆಗೆ ತೊಟ್ಟಿಕ್ಕುವ ಬಿಳಿಹಾಲನ್ನು ನೋಡುತ್ತ ಬೆಳೆದವರು ನಾವು. ಅದೇ ನಮ್ಮ ಮಗುವಿಗೆ ಶತ್ರುವಾದೀತೆಂದು ಎಣಿಸಿರಲಿಲ್ಲ.

ಸೋಜಿಗವೆಂದರೆ, ತಿರುವೊತ್ತಿಯೂರಿಗೂ ಬಲೂನಿಗೂ ಹಳೆಯ ನಂಟು. 1946ರಲ್ಲಿ ಕೆ. ಎಂ. ಮಾಮ್ಮನ್ ಮಾಪ್ಪಿಳ್ಳೈಯವರು ಇಲ್ಲಿಯ ಒಂದು ಚಿಕ್ಕ ಷೆಡ್ಡಿನಲ್ಲಿ ಆಟದ ಬಲೂನು ತಯಾರಿಸಲಾರಂಭಿಸಿದರು. ಅದೇ ಬೆಳೆದು ಮದ್ರಾಸ್ ರಬ್ಬರ್ ಫ್ಯಾಕ್ಟರಿ, ಅಂದರೆ ಟೈರಿನ ಎಂ.ಆರ್.ಎಫ್. ಆಯಿತು. ಗಟ್ಟಿ ರಬ್ಬರನ್ನು ಬಿಸಿಯಲ್ಲಿ ಹದಮಾಡಿದ ಟೈರಿನಿಂದ ಈ ತೊಂದರೆ ಬಹು ಅಪರೂಪ. ಹಾಲಿನಲ್ಲಿಯೇ ಅಚ್ಚು ಅದ್ದಿ ತೆಗೆಯುವ ಬಲೂನು, ಕೈಗವುಸುಗಳಲ್ಲಿ ಆ ಪ್ರೋಟೀನುಗಳು ಹೆಚ್ಚು ಉಳಿಯುತ್ತವೆ. ಇದು ಮಾಡಿದವರ ದೋಷವಲ್ಲ, ಮಾರಿದವರದೂ ಅಲ್ಲ. ಹಾಲಿನ ಗುಣ, ಮೈಯ ಗುಣ.

ಕೈಗವುಸಿನ ಭಯವೇ ನಮ್ಮ ಹರಕೆಗೆ ಕಾರಣ. ಕಳೆದ ತಿಂಗಳು ಮಗುವಿನ ಹಲ್ಲು ಕೀಳಿಸಬೇಕಾಯಿತು. ಮೊದಲೇ ತಿಳಿಸಿದ್ದರಿಂದ ದಂತವೈದ್ಯರು ನೈಟ್ರೈಲ್ ಗವುಸು ಹಾಕಿಕೊಂಡರು. ಯಾವ ತೊಂದರೆಯೂ ಆಗಲಿಲ್ಲ. ಈಗ ಅವಳ ಶಾಲೆಯ ಚೀಲದಲ್ಲಿ ತಮಿಳಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದ ಚೀಟಿಯೊಂದಿದೆ. ಪರಭಾಷೆಯ ಊರಿನಲ್ಲಿ ಗಾಬರಿಯ ಹೊತ್ತಿಗೆ ಮಾತು ಹೊರಡದು. ನಿಮ್ಮ ಮಕ್ಕಳಿಗೂ ಬಲೂನು ಮುಟ್ಟಿ ತುಟಿ ಊದಿದರೆ, ಹಣ್ಣು ತಿಂದು ಬಾಯಿ ತುರಿಸಿದರೆ ಡಾಕ್ಟರಿಗೆ ತೋರಿಸಿ. ಶಸ್ತ್ರಚಿಕಿತ್ಸೆಗೆ ಮುಂಚೆ ಮರೆಯದೆ ಹೇಳಿ.

ನಿಲ್ದಾಣದ ಬಳಿ ಪ್ರಸಾದದ ಚೀಲ ಬಿಚ್ಚಿದೆವು. ತೆಂಗಿನ ಹೋಳು, ಎರಡು ಬಾಳೆಹಣ್ಣು. ಮಗಳು ಹೋಳನ್ನು ಮಾತ್ರ ಕಣ್ಣಿಗೊತ್ತಿಕೊಂಡು, ಹಣ್ಣುಗಳನ್ನು ನಮ್ಮತ್ತ ಸರಿಸಿದಳು. ಈ ಸಲ ನಾವು ಗದರಲಿಲ್ಲ.