ದೋಣಿಯ ತಳದ ಆವಿ

ಬೇಸಿಗೆಯ ರಜೆ ಬಂದಿತೆಂದರೆ ಅಮೆರಿಕದ ಸರೋವರತೀರಗಳಲ್ಲಿ ಯಂತ್ರದ ದೋಣಿಗಳು ಸಾಲುಗಟ್ಟುವುವು. ಗೃಹಸ್ಥನೊಬ್ಬನು ಮಡದಿಮಕ್ಕಳೊಡನೆ ಬುತ್ತಿ ಕಟ್ಟಿಕೊಂಡು ಬರುವನು, ಪೆಟ್ರೋಲು ತುಂಬಿಸುವನು, ಒಡನೆಯೇ ಯಂತ್ರವನ್ನು ನಡೆಯಿಸಲು ಕೈನೀಡುವನು. ಅಪಾಯವು ಹೊಂಚುಹಾಕಿರುವುದು ಆ ಆತುರದ ಗಳಿಗೆಯಲ್ಲಿಯೇ.

ಪೆಟ್ರೋಲಿನ ಆವಿಯು ಗಾಳಿಗಿಂತ ಮೂರು ನಾಲ್ಕು ಮಡಿ ಭಾರವಾದುದು. ಮೋಟಾರುಗಾಡಿಯ ಯಂತ್ರದ ಕೆಳಗೆ ಬಯಲಿರುವುದರಿಂದ ಅಲ್ಲಿ ಹೊಮ್ಮಿದ ಆವಿ ಬಹುಮಟ್ಟಿಗೆ ಚದುರಿಹೋಗುವುದು. ದೋಣಿಯಾದರೋ ನೀರು ನುಗ್ಗದಂತೆ ಕಟ್ಟಿದ ಬಟ್ಟಲು. ನೀರನ್ನು ಹೊರಗಿಡುವ ಅದರ ಗುಣವೇ ಆವಿಯನ್ನು ಒಳಗೆ ಹಿಡಿದಿಡುವುದು. ಕಣ್ಣಿಗೆ ಏನೂ ತೋರದು. ನೂರು ಪಾಲಿನಲ್ಲಿ 1.4 ಪಾಲು ಆವಿ ಬೆರೆತರೆ ಸಾಕು, ಒಂದು ಸಣ್ಣ ಕಿಡಿಗೆ ಸಿಡಿಯುವುದು. 7.6 ಪಾಲನ್ನು ಮೀರಿದರೆ ಹತ್ತಿಕೊಳ್ಳದೆಂಬುದು ನಿಜ. ಆದರೆ ಅದನ್ನು ನಂಬಿ ಧೈರ್ಯಗೊಳ್ಳುವವನು ಜಾಣನಲ್ಲ, ಮುಚ್ಚಳ ತೆರೆದೊಡನೆ ಹೊಸ ಗಾಳಿ ಸೇರಿ ಲೆಕ್ಕವೇ ಬದಲಾಗುವುದು.

ಆ ದೇಶದಲ್ಲಿ 1940ರಲ್ಲಿ ಆದ ಶಾಸನವು ಒಡಲೊಳಗೆ ಗಾಳಿಯಾಡುವ ಏರ್ಪಾಡನ್ನೂ, ಕಾರ್ಬುರೇಟರಿನಿಂದ ಹಿಂದಕ್ಕೆ ಚಿಮ್ಮುವ ಉರಿಯನ್ನು ತಡೆಯುವ ಸಾಧನವನ್ನೂ ವಿಧಿಸಿತು. 1980ರ ಜುಲೈ ಕಳೆದಮೇಲೆ ಕಟ್ಟಿದ, ಒಡಲೊಳಗೆ ಪೆಟ್ರೋಲ್ ಯಂತ್ರವುಳ್ಳ ದೋಣಿಗಳಿಗೆ, ಆವಿಯನ್ನು ಹೀರಿ ಹೊರದೂಡುವ ವಿದ್ಯುತ್ ಬೀಸಣಿಗೆಯೂ ಕಡ್ಡಾಯವಾಯಿತು. ಯಂತ್ರ ಹೂಡುವ ಮುನ್ನ ಅದನ್ನು ನಾಲ್ಕು ನಿಮಿಷವಾದರೂ ತಿರುಗಿಸಬೇಕು. ನಾಲ್ಕೇ ನಿಮಿಷ! ವಿನೋದಕ್ಕೆ ಹೊರಟವನಿಗೆ ಇದು ಯುಗದಂತೆ ತೋರುವುದೇಕೋ.

ಆದರೂ ಬೀಸಣಿಗೆಯು ಆವಿಯನ್ನು ಮಾತ್ರ ಸೆಳೆಯಬಲ್ಲುದು. ಬಿರಿದ ಕೊಳವೆಯಿಂದ ತೊಟ್ಟಿಕ್ಕಿ ತಳದಲ್ಲಿ ನಿಂತ ಪೆಟ್ರೋಲು ಮತ್ತೆ ಮತ್ತೆ ಆವಿಯನ್ನು ಬಿಡುತ್ತಲೇ ಇರುವುದು. ಅದನ್ನು ಪತ್ತೆಮಾಡಲು ಮನುಷ್ಯನ ಮೂಗೇ ಬೇಕು.

ಆದುದರಿಂದ ಅನುಭವಿಯಾದ ದೋಣಿಗಾರನು ಪೆಟ್ರೋಲು ತುಂಬಿಸುವ ಮೊದಲೇ ಎಲ್ಲರನ್ನೂ ದಡಕ್ಕಿಳಿಸುವನು. ಒಲೆಯನ್ನಾರಿಸಿ, ಬಾಗಿಲು ಕಿಟಕಿಗಳನ್ನು ಮುಚ್ಚುವನು. ಕೈಯಲ್ಲಿ ಎತ್ತಬಹುದಾದ ಡಬ್ಬಿಯಿದ್ದರೆ ಅದನ್ನು ದೋಣಿಯಲ್ಲಿಟ್ಟು ತುಂಬದೆ ಕಟ್ಟೆಯ ಮೇಲಿಟ್ಟೇ ತುಂಬುವನು. ತುಂಬಿದಮೇಲೆ ಎಲ್ಲವನ್ನೂ ತೆರೆದು ಬೀಸಣಿಗೆಯನ್ನು ತಿರುಗಿಸುವನು. ಕೊನೆಗೆ ಯಂತ್ರದ ಮುಚ್ಚಳವನ್ನೆತ್ತಿ, ಮೊಣಕಾಲೂರಿ, ತಳದವರೆಗೆ ಮುಖ ತಗ್ಗಿಸಿ ಮೂಸುವನು. ವಾಸನೆ ಸುಳಿದರೆ ಅಂದಿನ ವಿಹಾರ ಅಲ್ಲಿಗೇ ನಿಲ್ಲುವುದು; ಸೋರಿಕೆ ಸಿಕ್ಕಿ ಸರಿಯಾಗುವವರೆಗೆ ಯಾವ ಸ್ವಿಚ್ಚನ್ನೂ ಮುಟ್ಟುವಂತಿಲ್ಲ.

ದಡದಲ್ಲಿ ನಿಂತ ಮಕ್ಕಳು ತಂದೆಯ ಈ ಭಂಗಿಯನ್ನು ಕಂಡು ನಗುವುದುಂಟು. ನಗಲಿ. ಆತನು ತಲೆಯೆತ್ತಿ ಕೈಬೀಸುವವರೆಗೂ ಅವರು ಅಲ್ಲಿಯೇ ನಿಂತಿರುವರು.