ಹದಿನೇಳು ಹಾಡು, ಎರಡು ಹೆಸರು

ಬ್ರಿಟನ್ನಿನ ಜನ ಅತಿ ಹೆಚ್ಚು ಕೊಂಡ ಹಾಡಿನ ಆಲ್ಬಂ ಯಾವುದು, ಗೊತ್ತೇ ಮಕ್ಕಳೇ? ಬೀಟಲ್ಸ್ ತಂಡದ್ದಿರಬೇಕು ಎಂದು ನಿಮ್ಮ ಅಜ್ಜ ಹೇಳಬಹುದು. ಅಲ್ಲ. ಅದು ‘ಕ್ವೀನ್’ ಎಂಬ ನಾಲ್ವರ ರಾಕ್ ತಂಡದ ‘ಗ್ರೇಟೆಸ್ಟ್ ಹಿಟ್ಸ್’. ಬಂದದ್ದು 1981ರಲ್ಲಿ. 2022ರ ಹೊತ್ತಿಗೆ ಆ ಒಂದೇ ದೇಶದಲ್ಲಿ ಅದರ ಮಾರಾಟ 70 ಲಕ್ಷ ದಾಟಿತು. ಅಲ್ಲಿ ಆ ಲೆಕ್ಕ ಮುಟ್ಟಿದ ಮೊದಲ ಆಲ್ಬಂ ಅದೇ.

ಗ್ರೇಟೆಸ್ಟ್ ಹಿಟ್ಸ್ ಎಂದರೆ ಹೊಸ ಹಾಡುಗಳಲ್ಲ. 1974ರಿಂದ 1980ರವರೆಗೆ ತಂಡ ಹೊರತಂದ ಹಾಡುಗಳಲ್ಲಿ ಜನ ಮೆಚ್ಚಿದವನ್ನು ಆಯ್ದು ಒಂದೆಡೆ ಕಟ್ಟಿದ ಗಂಟು. ಬ್ರಿಟನ್ನಿನಲ್ಲಿ ಬಂದ ಆ ಗಂಟಿನಲ್ಲಿ ಹದಿನೇಳು ಹಾಡುಗಳಿವೆ.

ನಾನು ಜಮಖಂಡಿ ಕಡೆಯವಳು. ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನನಗೆ ಈ ಹದಿನೇಳು ಹಾಡುಗಳ ಪರಿಚಯವಾದದ್ದು ಲಂಡನ್ನಿನ ಪಶ್ಚಿಮಕ್ಕಿರುವ ಹೌನ್ಸ್ಲೋದಲ್ಲಿ, ಮಗನ ಕಾರಿನೊಳಗೆ. ಅಲ್ಲಿ ಆರು ತಿಂಗಳು ಇದ್ದೆ. ಬೆಳಿಗ್ಗೆ ಮೊಮ್ಮಗನನ್ನು ಶಾಲೆಗೆ ಬಿಡಲು ಮಗ ಹೊರಟರೆ ನಾನೂ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದೆ. ಕಾರು ಚಾಲೂ ಆದ ಕೂಡಲೇ ಹಾಡು. ನಾಲ್ಕೈದು ದಿನಕ್ಕೆ ಒಂದು ಸುತ್ತು ಮುಗಿದು ಮತ್ತೆ ಮೊದಲಿನಿಂದ. ಮೊಮ್ಮಗನಿಗೆ ಒಂಬತ್ತು ವರ್ಷ. ಪ್ರತಿ ಹಾಡಿನ ಬಗ್ಗೆ ಅವನ ಹತ್ತಿರ ಒಂದು ಕಥೆ ಇತ್ತು. ಅವನು ಹೇಳುವವನು, ನಾನು ಪ್ರಶ್ನೆ ಕೇಳುವವಳು. ಅವನಿಗೆ ಉತ್ತರ ತಿಳಿಯದಿದ್ದರೆ ಸಂಜೆ ಇಬ್ಬರೂ ಕೂಡಿ ಪುಸ್ತಕ ತೆಗೆಯುತ್ತಿದ್ದೆವು.

ನನಗೆ ಮೊದಲು ಹಿಡಿಸಿದ್ದು ಗಿಟಾರಿನ ಕಥೆ. ತಂಡದ ಗಿಟಾರ್ ವಾದಕ ಬ್ರಯನ್ ಮೇ. 1963ರಲ್ಲಿ ಅವನಿಗೆ ಹದಿನಾರು ವರ್ಷ. ಅಂಗಡಿಯ ಒಳ್ಳೆಯ ಗಿಟಾರ್ ಕೊಳ್ಳಲು ಮನೆಯಲ್ಲಿ ದುಡ್ಡಿರಲಿಲ್ಲ. ತಂದೆ ಹೆರಾಲ್ಡ್ ಎಲೆಕ್ಟ್ರಾನಿಕ್ಸ್ ಬಲ್ಲವರು. ಅಪ್ಪ ಮಗ ಕೂಡಿ ಗಿಟಾರನ್ನು ಮನೆಯಲ್ಲೇ ಮಾಡಲು ಕುಳಿತರು. ಕುತ್ತಿಗೆಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ. ಅದರಲ್ಲಿ ಹುಳು ಕೊರೆದ ತೂತುಗಳಿದ್ದವು. ಬೆಂಕಿಕಡ್ಡಿ ತುರುಕಿ ಮುಚ್ಚಿದರು. ತಂತಿ ಎಳೆಯುವ ಭಾಗಕ್ಕೆ ಹಳೆಯ ಮೋಟಾರ್ ಸೈಕಲ್ಲಿನ ಸ್ಪ್ರಿಂಗು. ಅದರ ಹಿಡಿಕೆಯ ತುದಿಗೆ ಅಮ್ಮನ ಹೆಣಿಗೆ ಕಡ್ಡಿಯ ತುಂಡು. ಸ್ವರಸ್ಥಾನದ ಗುರುತಿಗೆ ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು. ಮುಗಿಯಲು ಸುಮಾರು ಎರಡು ವರ್ಷ ಹಿಡಿಯಿತು. ಈ ಹದಿನೇಳು ಹಾಡುಗಳಲ್ಲಿ ಕೇಳುವ ಗಿಟಾರಿನ ದನಿ ಬಹುಮಟ್ಟಿಗೆ ಅದರದೇ. ಅದನ್ನು ಅವನು ಮೀಟುವುದು ಕೂಡ ಆರು ಪೆನ್ಸಿನ ಹಳೆಯ ನಾಣ್ಯದಿಂದ.

“ಅಂದ್ರ ಅವರವ್ವನ ಗುಂಡಿ ಡಬ್ಬಿ ಖಾಲಿ ಆತೇನು?” ಎಂದು ಕೇಳಿದೆ. ಮೊಮ್ಮಗ ನಕ್ಕ. ಮರುದಿನ ನನ್ನ ಸೂಜಿ ದಾರದ ಡಬ್ಬಿಯನ್ನು ಅವನು ತೆರೆದು ನೋಡುತ್ತಿದ್ದ.

ಬೇಸ್ ಗಿಟಾರ್ ನುಡಿಸುತ್ತಿದ್ದ ಜಾನ್ ಡೀಕನ್ ಮಾತು ಕಡಿಮೆಯ ಮನುಷ್ಯ. ಅವನು ಓದಿದ್ದು ಎಲೆಕ್ಟ್ರಾನಿಕ್ಸ್. ಒಂದು ದಿನ ರಸ್ತೆ ಬದಿಯ ಕಸದ ತೊಟ್ಟಿಯಲ್ಲಿ ಬಿದ್ದ ಸರ್ಕ್ಯೂಟ್ ಬೋರ್ಡು ಕಂಡಿತಂತೆ. ಎತ್ತಿ ತಂದು, ಒಂದು ಸಣ್ಣ ಸ್ಪೀಕರಿನ ಪೆಟ್ಟಿಗೆಯೊಳಗೆ ಕೂರಿಸಿ ಆಂಪ್ಲಿಫಯರ್ ಮಾಡಿದ. ನಡೆಯುವುದು ಬ್ಯಾಟರಿಯಲ್ಲಿ. ಅದನ್ನು ಬ್ರಯನ್ ಮೇ ವರ್ಷಗಟ್ಟಲೆ ಧ್ವನಿಮುದ್ರಣಕ್ಕೆ ಬಳಸಿದ. ಹದಿನೇಳು ಹಾಡುಗಳಲ್ಲಿ ಡೀಕನ್ ಬರೆದವು ಎರಡೇ. ಒಂದು ತನ್ನ ಹೆಂಡತಿಗಾಗಿ ಬರೆದ ‘ಯು ಆರ್ ಮೈ ಬೆಸ್ಟ್ ಫ್ರೆಂಡ್’. ಅದರಲ್ಲಿ ನುಡಿಯುವ ಎಲೆಕ್ಟ್ರಿಕ್ ಪಿಯಾನೊ ತಂಡದ ಗಾಯಕನಿಗೆ ಸೇರುತ್ತಿರಲಿಲ್ಲ. ಡೀಕನ್ ಜಗಳವಾಡಲಿಲ್ಲ, ತಾನೇ ಕಲಿತು ನುಡಿಸಿದ.

ಕಟ್ಟಕಡೆಯ ಜೋಡಿ ಹಾಡುಗಳಲ್ಲಿ ಮೊದಲನೆಯದು ‘ವಿ ವಿಲ್ ರಾಕ್ ಯು’, 1977ರದ್ದು. ಎರಡು ಸಲ ಕಾಲು ಕುಟ್ಟುವುದು, ಒಂದು ಚಪ್ಪಾಳೆ. ಅದೇ ತಾಳ, ಹಾಡಿನುದ್ದಕ್ಕೂ. ಡ್ರಮ್ ಇಲ್ಲವೇ ಇಲ್ಲ. ಸಾವಿರಾರು ಜನ ಕುಟ್ಟಿದಂತೆ ಕೇಳುತ್ತದೆ, ಆದರೆ ಸ್ಟುಡಿಯೋದಲ್ಲಿ ಇದ್ದವರು ಕೆಲವೇ ಮಂದಿ. ಹಲಗೆಗಳ ಮೇಲೆ ಮತ್ತೆ ಮತ್ತೆ ಕುಟ್ಟಿ, ಪ್ರತಿ ಸಲದ್ದನ್ನೂ ಒಂದರ ಮೇಲೊಂದು ಸೇರಿಸಿದರು. ಬ್ರಯನ್ ಮೇ ಭೌತಶಾಸ್ತ್ರ ಓದಿದವನು. ಒಂದೇ ಸದ್ದನ್ನು ಸ್ವಲ್ಪ ಸ್ವಲ್ಪ ತಡಮಾಡಿ ಮತ್ತೆ ಕೇಳಿಸಿದರೆ ದೂರದೂರ ನಿಂತ ಜನ ಕುಟ್ಟಿದ ಹಾಗಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಆ ತಡದ ಅಳತೆಗೆ ಅವಿಭಾಜ್ಯ ಸಂಖ್ಯೆಗಳನ್ನು ಆರಿಸಿಕೊಂಡ. ಹಾಗೆ ಮಾಡಿದರೆ ಪ್ರತಿಧ್ವನಿಗಳು ಒಂದರ ಮೇಲೊಂದು ಬಂದು ಕೂರುವುದಿಲ್ಲ. ಎರಡು, ಮೂರು, ಐದು, ಏಳು, ಹನ್ನೊಂದು ಎಂದು ನಾನು ಎಷ್ಟು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೋ! ಅವು ಹಾಡಿನಲ್ಲಿ ಕುಟ್ಟುತ್ತ ಬರುವುದನ್ನು ಕೇಳಿದ್ದು ಮಾತ್ರ ಮಗನ ಕಾರಿನಲ್ಲಿ.

ಇದೇ ಮೇ, ಹಾಡಿಗಾಗಿ ಅರ್ಧಕ್ಕೆ ಬಿಟ್ಟಿದ್ದ ಖಗೋಳಶಾಸ್ತ್ರದ ಸಂಶೋಧನೆಯನ್ನು ಮೂವತ್ತಕ್ಕೂ ಹೆಚ್ಚು ವರ್ಷದ ಮೇಲೆ ಕೈಗೆತ್ತಿಕೊಂಡು 2007ರಲ್ಲಿ ಪಿಎಚ್.ಡಿ. ಪಡೆದ. ಆಗ ಅವನಿಗೆ ಅರವತ್ತು. ಇದನ್ನು ಓದುತ್ತಿರುವ ಅಜ್ಜ ಅಜ್ಜಿಯರ ಗಮನಕ್ಕೆ.

ಹೀಗೆ ದಿನಗಳು ಚೆನ್ನಾಗಿಯೇ ಸಾಗಿದ್ದವು. ಒಂದು ಮಧ್ಯಾಹ್ನ ಮೊಮ್ಮಗನನ್ನು ಕರೆತರಲು ನಾನೊಬ್ಬಳೇ ಶಾಲೆಗೆ ನಡೆದುಹೋದೆ. ಮಕ್ಕಳೆಲ್ಲ ಹೊರಗೆ ಬಂದರು. ಗುಂಪಿನಲ್ಲಿ ಅವನು ಕಂಡ. “ಮಲ್ಲಿಕಾರ್ಜುನಾ!” ಎಂದು ಕೂಗಿದೆ, ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿದಂತೆ. ಪಕ್ಕದ ಹುಡುಗರಿಬ್ಬರು ತಿರುಗಿ ನೋಡಿದರು. ಇವನ ಕಿವಿ ಕೆಂಪಾಯಿತು. ದಾರಿಯುದ್ದಕ್ಕೂ ಮಾತಿಲ್ಲ.

ರಾತ್ರಿ ಹಾಸಿಗೆಯ ಹತ್ತಿರ ಬಂದು ನಿಂತ. “ಆಯಿ, ನನ್ನ ಸಾಲ್ಯಾಗ ಎಲ್ಲಾರೂ ಮ್ಯಾಲ್ ಅಂತಾರ. ನೀನೂ ಗೇಟಿನ ಮುಂದ ಮ್ಯಾಲ್ ಅಂತನ ಕರಿ. ಇಲ್ಲಂದ್ರ ಸುಮ್ನ ಕೈ ಮಾಡು.”

ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಮಲ್ಲಿಕಾರ್ಜುನ ಎಂಬುದು ನಮ್ಮ ಮಾವನವರ ಹೆಸರು. ಮೊಮ್ಮಗ ಹುಟ್ಟಿದ ಸುದ್ದಿ ಬಂದಾಗ ಆ ಹೆಸರನ್ನು ಫೋನಿನಲ್ಲಿ ಸೂಚಿಸಿದವರು ನಮ್ಮ ಯಜಮಾನರು. ಅವರು ಈಗಿಲ್ಲ. ನಾನು “ಹೂಂ” ಎಂದೆ. ಮರುದಿನದಿಂದ ಗೇಟಿನ ಮುಂದೆ ನಿಂತು ಸುಮ್ಮನೆ ಕೈ ಮಾಡಿದೆ. ಮ್ಯಾಲ್ ಎನ್ನಲು ನಾಲಿಗೆ ಹೊರಳಲಿಲ್ಲ.

ನನಗೆ ಬೇಸರವಾಗಿದೆ ಎಂದು ಅವನಿಗೆ ತಿಳಿಯಿತು ಎಂದು ಕಾಣುತ್ತದೆ. ಮೂರನೆಯ ದಿನ ಕಾರಿನಲ್ಲಿ ಹಾಡು ಹಚ್ಚುವ ಮೊದಲೇ ವಾದ ಹೂಡಿದ. “ಫ್ರೆಡ್ಡೀನೂ ಹೆಸರು ಬದಲ್ ಮಾಡ್ಯಾನ, ಆಯಿ.”

ಅವನು ಹೇಳಿದ್ದು ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿಯ ಮಾತು. ಹದಿನೇಳರಲ್ಲಿ ಹತ್ತು ಹಾಡು ಬರೆದವನು ಅವನೇ. ಮೊದಲ ಹಾಡು ‘ಬೊಹೀಮಿಯನ್ ರ‍್ಯಾಪ್ಸಡಿ’ ಅವನದು. ಹತ್ತಿರ ಹತ್ತಿರ ಆರು ನಿಮಿಷ. ಇಷ್ಟುದ್ದದ ಹಾಡನ್ನು ರೇಡಿಯೋದವರು ಹಾಕುವುದಿಲ್ಲ ಎಂದರಂತೆ. ಬಿಡುಗಡೆಯಾದ ಮೇಲೆ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ನಿಂತಿತು. ‘ಬೈಸಿಕಲ್ ರೇಸ್’ ಕೂಡ ಅವನದೇ. ಅದರ ನಡುವೆ ಸೈಕಲ್ ಬೆಲ್ಲುಗಳ ದೊಡ್ಡ ಗಲಾಟೆಯಿದೆ. ಅದು ಬಂದಾಗ ನಮ್ಮ ಕಾರಿನಲ್ಲಿ ಯಾರೂ ಮಾತಾಡುವಂತಿರಲಿಲ್ಲ.

ಈ ಫ್ರೆಡ್ಡಿಯ ಹುಟ್ಟು ಹೆಸರು ಫರೋಖ್ ಬುಲ್ಸಾರಾ. ಗುಜರಾತ್ ಮೂಲದ ಪಾರ್ಸಿ ಮನೆತನ. ತಂದೆಗೆ ಆಫ್ರಿಕಾದ ಪಕ್ಕದ ಜಾಂಜಿಬಾರ್ ದ್ವೀಪದಲ್ಲಿ ಸರ್ಕಾರಿ ನೌಕರಿ. 1946ರಲ್ಲಿ ಮಗ ಹುಟ್ಟಿದ್ದು ಅಲ್ಲೇ. ಎಂಟನೆಯ ವರ್ಷಕ್ಕೆ ಅವನನ್ನು ಓದಲು ಕಳುಹಿಸಿದ್ದು ಎಲ್ಲಿಗೆ ಅಂದುಕೊಂಡಿರಿ? ಮಹಾರಾಷ್ಟ್ರದ ಪಂಚಗಣಿಗೆ, ವಸತಿ ಶಾಲೆಗೆ! ಫ್ರೆಡ್ಡಿ ಎಂಬ ಹೆಸರು ಬಂದದ್ದೂ ಅಲ್ಲಿಯ ಗೆಳೆಯರಿಂದಲೇ. ಪಿಯಾನೊ ಕಲಿತದ್ದು, ಹುಡುಗರ ಜೊತೆ ಮೊದಲ ತಂಡ ಕಟ್ಟಿದ್ದು ಕೂಡ ಅಲ್ಲಿಯೇ. ಮರ್ಕ್ಯುರಿ ಎಂದು ತಾನೇ ಇಟ್ಟುಕೊಂಡದ್ದು ಆಮೇಲೆ, ಇಂಗ್ಲೆಂಡಿನಲ್ಲಿ. ಮರ್ಕ್ಯುರಿ ಎಂದರೆ ನಮ್ಮ ಬುಧ ಗ್ರಹ.

ಪಂಚಗಣಿ ಎಂದೊಡನೆ ನನಗೆ ನಮ್ಮ ಹೊಳೆ ನೆನಪಾಯಿತು. ಪಂಚಗಣಿಯಿಂದ ಸ್ವಲ್ಪ ದೂರ ಹೋದರೆ ಮಹಾಬಳೇಶ್ವರ, ಕೃಷ್ಣೆ ಹುಟ್ಟುವ ಜಾಗ. ಅಲ್ಲಿಂದ ಇಳಿದು, ಸುತ್ತಿ ಬಳಸಿ ನಮ್ಮ ಜಮಖಂಡಿ ಸೀಮೆಗೆ ಬರುತ್ತದೆ. “ಹಂಗಾದ್ರ ಆ ಹುಡುಗನೂ ನಮ್ಮ ಹೊಳಿ ಮ್ಯಾಲಿನವನ ಆದ” ಎಂದೆ. ಮೊಮ್ಮಗ ಕನ್ನಡಿಯಲ್ಲಿ ಅಪ್ಪನ ಮುಖ ನೋಡಿದ. ಮಗ ಒಂದು ಮಾತು ಹೇಳಿದ: “ಫ್ರೆಡ್ಡಿಯ ಮನಿ ಇಲ್ಲೇ ಫೆಲ್ಥಮ್‌ನ್ಯಾಗ ಐತಿ. ಭಾನುವಾರ ಹೋಗೂಣು.”

ಫೆಲ್ಥಮ್ ನಮ್ಮ ಹೌನ್ಸ್ಲೋದ ನೆರೆಯಲ್ಲೇ ಇದೆ. 1964ರಲ್ಲಿ ಜಾಂಜಿಬಾರಿನಲ್ಲಿ ಕ್ರಾಂತಿಯಾಗಿ ದಂಗೆ ಎದ್ದಾಗ ಬುಲ್ಸಾರಾ ಕುಟುಂಬ ಊರು ಬಿಟ್ಟು ಬಂದು ನೆಲೆ ನಿಂತದ್ದು ಅಲ್ಲಿ. ಹುಡುಗನಿಗೆ ಆಗ ಹದಿನೇಳು. ಅಲ್ಲಿಂದಲೇ ಅವನು ಚಿತ್ರಕಲೆ ಕಲಿಯಲು ಹೋಗಿಬರುತ್ತಿದ್ದ. ಕ್ವೀನ್ ತಂಡದ ಲಾಂಛನವನ್ನು ಬರೆದವನೂ ಅವನೇ. ನಾಲ್ವರ ರಾಶಿಗಳನ್ನು ಹಿಡಿದು ಎರಡು ಸಿಂಹ, ಒಂದು ಏಡಿ, ಇಬ್ಬರು ಕಿನ್ನರಿಯರು.

ಮನೆ ಬಲು ಸಾಧಾರಣ. ಅಂಥವು ಆ ಬೀದಿಯಲ್ಲಿ ಸಾಲಾಗಿವೆ. ತಲೆಯ ಮೇಲೆ ಹೀತ್ರೂ ನಿಲ್ದಾಣದ ವಿಮಾನಗಳ ಸದ್ದು. ಗೋಡೆಯ ಮೇಲೆ ದುಂಡನೆಯ ನೀಲಿ ಫಲಕ. ಹೆಸರಾದವರು ಬಾಳಿದ ಮನೆಗಳಿಗೆ ಇಂಗ್ಲೆಂಡಿನಲ್ಲಿ ಹಾಕುವಂಥದ್ದು. 2016ರಲ್ಲಿ ಹಾಕಿದರಂತೆ. ಒಳಗೆ ಯಾರೋ ವಾಸವಿದ್ದಾರೆ. ಹಾಗಾಗಿ ರಸ್ತೆಯ ಆ ಬದಿಯಲ್ಲೇ ನಿಂತು ನೋಡಿದೆವು. ಮೊಮ್ಮಗ ಕಣ್ಣು ಕಿರಿದು ಮಾಡಿ ಓದಿದ. ಮರ್ಕ್ಯುರಿ ಎಂದು ದೊಡ್ಡದಾಗಿತ್ತು. ಅದರ ಜೊತೆಗೆ ಬುಲ್ಸಾರಾ ಎಂದೂ ಇತ್ತು.

“ಎರಡೂ ಬರದಾರ,” ಎಂದ.

“ಹೌದು, ಎರಡೂ ಅವನವ,” ಎಂದೆ. ಅದಕ್ಕಿಂತ ಹೆಚ್ಚಿಗೆ ನಾನೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

1991ರ ನವೆಂಬರ್ 24ರಂದು, ನಲವತ್ತೈದನೆಯ ವಯಸ್ಸಿಗೇ, ಫ್ರೆಡ್ಡಿ ಏಡ್ಸ್ ಕಾಯಿಲೆಯಿಂದ ತೀರಿಕೊಂಡ. ಲೋಕಕ್ಕೆಲ್ಲ ಅವನು ಮರ್ಕ್ಯುರಿ. ಆದರೆ ಅಂತ್ಯಕ್ರಿಯೆ ನಡೆಸಿದವರು ಪಾರ್ಸಿ ಧರ್ಮದ ಪುರೋಹಿತರು, ತಂದೆತಾಯಿಯ ಮನೆಯ ಸಂಪ್ರದಾಯದಂತೆ. ಇದನ್ನು ಮೊಮ್ಮಗನಿಗೆ ಓದಿ ಹೇಳಿದವಳು ನಾನು. ಅಮ್ಮನ ಗುಂಡಿಗಳನ್ನು ಬ್ರಯನ್ ಮೇ ಗಿಟಾರಿನ ಮೇಲೆ ಹೊತ್ತುಕೊಂಡು ಹೋದ. ಇವನು ಹೊತ್ತುಕೊಂಡದ್ದು ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೇ.

ನಾನು ಊರಿಗೆ ಹೊರಡಲು ಎರಡು ವಾರವಿದ್ದಾಗ ಒಂದು ಕೆಲಸ ಸುರುವಾಯಿತು. “ನಮ್ಮ ಮನಿದೂ ಒಂದು ಗ್ರೇಟೆಸ್ಟ್ ಹಿಟ್ಸ್ ಮಾಡೂಣು” ಎಂದ ಮೊಮ್ಮಗ. ಹದಿನೇಳೇ ಆಗಬೇಕು, ಮನೆಯ ಪ್ರತಿಯೊಬ್ಬರದೂ ಇರಬೇಕು ಎಂದು ನಿಯಮ. ಅವನ ಅಮ್ಮನದು ನಾಲ್ಕು ಸಿನಿಮಾ ಹಾಡು. ಅಪ್ಪ ಕಾಲೇಜಿನ ದಿನಗಳವು ಐದು ಹೇಳಿದ. ಒಂದನ್ನು ಮತ ಹಾಕಿ ತೆಗೆದೆವು. ಇವನದು ಐದು, ಎಲ್ಲವೂ ಕ್ವೀನ್ ತಂಡದವು. ನನ್ನ ಪಾಲಿಗೆ ಬಂದವು ಮೂರು: ನಮ್ಮವ್ವ ಜೋಳ ಬೀಸುವಾಗ ಹಾಡುತ್ತಿದ್ದ ಬೀಸುವ ಕಲ್ಲಿನ ಹಾಡು, ಒಂದು ಜೋಗುಳ, ಒಂದು ವಚನ. ನಾನು ಹಾಡಿದ್ದನ್ನು ಅವನು ಫೋನಿನಲ್ಲಿ ಮುದ್ರಿಸಿಕೊಂಡ. ಬೀಸುವ ಹಾಡಿಗೆ ಬೀಸುವ ಸದ್ದು ಬೇಕಲ್ಲ? ಇಡ್ಲಿ ತಟ್ಟೆಯ ಮೇಲೆ ಬಟ್ಟಲು ತಿರುಗಿಸಿ ಅದನ್ನೂ ಮಾಡಿದ. ನಾಲ್ಕು, ನಾಲ್ಕು, ಐದು, ಮೂರು. ಕೂಡಿದರೆ ಹದಿನಾರು. ಹದಿನೇಳನೆಯದು ಅಜ್ಜನದು. ಅವರು ಸ್ನಾನದ ಮನೆಯಲ್ಲಿ ಗುನುಗುತ್ತಿದ್ದ ರಾಗವನ್ನು ನಾನೂ ಮಗನೂ ನೆನಪು ಮಾಡಿಕೊಂಡು ಗುನುಗಿದೆವು.

ಪಟ್ಟಿಯನ್ನು ದಪ್ಪ ಕಾಗದದ ಮೇಲೆ ಬರೆದು, ಬಣ್ಣ ಹಾಕಿ, ಆಲ್ಬಂ ಹೊದಿಕೆಯಂತೆ ಮಡಚಿ ನನ್ನ ಚೀಲದಲ್ಲಿಟ್ಟ. ವಿಮಾನದಲ್ಲಿ ಬಿಚ್ಚಿ ನೋಡಿದೆ. ಕೆಳಗೆ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಮ್ಯಾಲ್ ಎಂದು ಸಹಿ. ಅದರ ಕೆಳಗೆ ಕನ್ನಡದಲ್ಲಿ, ಒತ್ತೂ ಇಲ್ಲದೆ, ಅರ್ಕಾವತ್ತೂ ಇಲ್ಲದೆ, ಒಂದೊಂದೇ ಅಕ್ಷರ ಕಷ್ಟಪಟ್ಟು ಬರೆದದ್ದು: ‘ಮಲಿಕಾಜುನ’. ಮೂವತ್ತು ವರ್ಷ ಕೆಂಪು ಶಾಯಿಯಲ್ಲಿ ತಪ್ಪು ತಿದ್ದಿದ ಕೈ ಇದು. ಆದರೂ ಒತ್ತು ಹಾಕಲು ಮನಸ್ಸು ಬರಲಿಲ್ಲ.